ಬಾವಿ ನೀರಿನ ಅಕ್ವೇರಿಯಂ: ಮೀನು ಬಿಡುವ ಮೊದಲು ನಾನು ಮಾಡಿದ್ದು

ಹೊಸ ಅಕ್ವೇರಿಯಂಗೆ ನೀರು ತುಂಬಿಸಿದ ಮರುದಿನವೇ ಮೀನು ಬಿಡಬಾರದು ಎನ್ನುವುದು ಈಗ ಬಹಳ ಮಂದಿಗೆ ಗೊತ್ತು. ಫಿಲ್ಟರ್ ಓಡಿಸುತ್ತಾ ತಿಂಗಳು ಒಂದೂವರೆ ತಿಂಗಳು ಕಾಯಬೇಕು, ಅಷ್ಟರಲ್ಲಿ ಬ್ಯಾಕ್ಟೀರಿಯಾ ನೆಲೆಯೂರುತ್ತದೆ ಎಂಬ ಸಲಹೆಯೂ ಸಿಗುತ್ತದೆ. ಆದರೆ ಉಡುಪಿ, ಮಂಗಳೂರು ಕಡೆಯ ಮುರಕಲ್ಲಿನ (ಲ್ಯಾಟರೈಟ್ ಎಂಬ ಕೆಂಪು ಕಲ್ಲಿನ) ಬಾವಿ ನೀರು ಬಳಸುವವರು ಬರೀ ಕಾದರೆ ಸಾಲದು. ಎಷ್ಟು ಕಾದರೂ ಕೆಲಸ ನಡುವೆಯೇ ನಿಂತುಬಿಡಬಹುದು. ಉಡುಪಿಯ ನಮ್ಮ ಮನೆಯ ಟ್ಯಾಂಕ್ ಸಿದ್ಧಪಡಿಸುವಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳಗೆ ನಡೆಯುವುದೇನು ಎಂಬುದನ್ನು ಹೇಳಿಬಿಡುತ್ತೇನೆ. ಮೀನಿನ ಕಿವಿರು, ಮಲ, ಉಳಿದುಹೋದ ಆಹಾರ ಎಲ್ಲದರಿಂದಲೂ ಅಮೋನಿಯಾ ಹೊರಬರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಮೀನು ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆಗಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಎರಡು ಗುಂಪುಗಳೂ ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರ, ಜಲ್ಲಿಕಲ್ಲುಗಳ ಮೇಲೆ ಅಂಟಿಕೊಂಡು ಬಾಳುವಂಥವು. ನೀರಿನಲ್ಲಿ ತೇಲುವುದು ಕಡಿಮೆ. ನೀರು ತಿಳಿಯಾಗಿದೆಯೋ ಇಲ್ಲವೋ ಎಂಬುದನ್ನು ನೋಡಿ ಟ್ಯಾಂಕ್ ಸಿದ್ಧವಾಯಿತೆಂದು ಹೇಳಲಾಗದು. ಮೊದಲ ವಾರದಲ್ಲಿ ನೀರು ಹಾಲಿನಂತೆ ಮಬ್ಬಾಗುವುದುಂಟು, ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ. ಅದನ್ನು ಕಂಡು ಗಾಬರಿಯಾಗಿ ನೀರನ್ನೆಲ್ಲ ಚೆಲ್ಲುವ ಅಗತ್ಯವಿಲ್ಲ.

ನಮ್ಮದು ಸುಮಾರು 90 ಲೀಟರ್ ನೀರು ಹಿಡಿಯುವ ಟ್ಯಾಂಕ್. ಮೀನಿಲ್ಲದೆಯೇ ಸೈಕಲ್ (ಅಂದರೆ ಈ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಟ್ಯಾಂಕ್ ಸಿದ್ಧಪಡಿಸುವುದು) ಮಾಡಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ನಾಲ್ಕು ಗಟ್ಟಿ ಮೀನು ಬಿಟ್ಟು ಅವು ನರಳುತ್ತಿರುವಾಗ ಬ್ಯಾಕ್ಟೀರಿಯಾ ಬೆಳೆಸುವ ಹಳೆಯ ಕ್ರಮ ನನಗೆ ಒಪ್ಪಿಗೆಯಿಲ್ಲ. ಮೀನಿನ ಬದಲು ಅಮೋನಿಯಾವನ್ನು ನಾವೇ ಕೊಟ್ಟರಾಯಿತು. ಒಂದು ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಳೆಯಲು ಬಿಡುವವರೂ ಇದ್ದಾರೆ. ಅದರಲ್ಲಿ ಅಮೋನಿಯಾದ ಪ್ರಮಾಣ ನಮ್ಮ ಕೈಯಲ್ಲಿರುವುದಿಲ್ಲ, ಮನೆಯೆಲ್ಲ ವಾಸನೆ ಬೇರೆ. ನಾನು ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯಿಂದ ಶುದ್ಧ ಅಮೋನಿಯಂ ಕ್ಲೋರೈಡ್ ತಂದೆ. ಹತ್ತು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಅದರಿಂದ 57 ಮಿ.ಲೀ. ಅಳೆದು ಹಾಕಿದರೆ ನಮ್ಮ ಟ್ಯಾಂಕಿನಲ್ಲಿ ಅಮೋನಿಯಾ 2 ಪಿಪಿಎಂ (ಅಂದರೆ ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಅಷ್ಟು ಸಾಕು. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾಗಳೇ ಕುಂಠಿತವಾಗುತ್ತವೆ.

ಇನ್ನು ಬಾವಿ ನೀರಿನ ವಿಷಯ. ಮುರಕಲ್ಲಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಸಾವಿರಾರು ವರ್ಷಗಳ ಮಳೆ ಅದನ್ನು ತೊಳೆದುಬಿಟ್ಟಿದೆ. ಹಾಗಾಗಿ ಇಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಕುಡಿಯಲು, ಬೇಳೆ ಬೇಯಿಸಲು ಇಂಥ ನೀರು ಚೆನ್ನ. ಕೆಎಚ್, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಕ್ಷಾರತೆಯ ಪರೀಕ್ಷೆ ಮಾಡಿ ನೋಡಿದೆ: ಗಾಜಿನ ನಳಿಕೆಯಲ್ಲಿ 5 ಮಿ.ಲೀ. ನೀರು ಹಿಡಿದು ದ್ರಾವಣವನ್ನು ಹನಿಹನಿಯಾಗಿ ಬಿಡುವುದು, ನೀಲಿ ಹೋಗಿ ಹಳದಿ ಬರುವವರೆಗೆ ಎಷ್ಟು ಹನಿಯೋ ಅಷ್ಟು ಡಿಗ್ರಿ. ನಮ್ಮ ಬಾವಿಯ ನೀರಿಗೆ ಮೊದಲ ಹನಿ ಬಿದ್ದಾಗ ನೀಲಿ ಕಾಣಿಸಲೇ ಇಲ್ಲ, ನೇರವಾಗಿ ಹಳದಿ. ಅಂದರೆ ಕ್ಷಾರತೆ ಒಂದು ಡಿಗ್ರಿ ಅಥವಾ ಅದಕ್ಕೂ ಕಡಿಮೆ, ಲೀಟರಿಗೆ ಹೆಚ್ಚೆಂದರೆ 18 ಮಿಲಿಗ್ರಾಂ.

ಇದು ಏಕೆ ಮುಖ್ಯವೆಂದರೆ, ಅಮೋನಿಯಾ ನೈಟ್ರೇಟ್ ಆಗುವ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಲೆಕ್ಕ ಹಾಕಿದರೆ 2 ಪಿಪಿಎಂ ಅಮೋನಿಯಾ ಲೀಟರಿಗೆ 12 ಮಿಲಿಗ್ರಾಂನಷ್ಟು ಕ್ಷಾರತೆಯನ್ನು ನುಂಗುತ್ತದೆ. ಇರುವುದೇ 18. ಎರಡನೆಯ ಸಲ ಅಮೋನಿಯಾ ಹಾಕಿದಾಗಲೇ ಗಂಟು ಬರಿದು, ನೀರು ಆಮ್ಲೀಯವಾಗಿ ಪಿಎಚ್ ಸರಸರನೆ ಇಳಿಯುತ್ತದೆ. 6.5ರ ಕೆಳಗೆ ಈ ಬ್ಯಾಕ್ಟೀರಿಯಾಗಳು ನಿಧಾನಿಸುತ್ತವೆ, 6ರ ಹೊತ್ತಿಗೆ ಬಹುತೇಕ ಕೈಚೆಲ್ಲುತ್ತವೆ. ನಮ್ಮ ಟ್ಯಾಂಕಿನಲ್ಲಿ ಆದದ್ದೂ ಹೀಗೆಯೇ. ನೈಟ್ರೈಟ್ ತುಸು ಕಾಣಿಸಿಕೊಂಡು, ಅಮೋನಿಯಾ ಇಳಿಯತೊಡಗಿ, ಆಮೇಲೆ ಎಲ್ಲವೂ ಇದ್ದಲ್ಲೇ ನಿಂತಿತು. ಪಿಎಚ್ ಅಳೆದರೆ ಪರೀಕ್ಷೆಯ ಕಿಟ್‌ನ ಬಣ್ಣದ ಪಟ್ಟಿಯ ಕೊನೆಯ ಹಳದಿ. ಇಂಥ ನೀರಿನಲ್ಲಿ ಇನ್ನೊಂದು ಮೋಸವಿದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದರಿಂದ ಮೀನಿಗೆ ಅಷ್ಟೇನೂ ತೊಂದರೆಯಿಲ್ಲ. ಹೀಗಾಗಿ ಸೈಕಲ್ ಆಗದ ಟ್ಯಾಂಕಿನಲ್ಲೂ ಮೀನು ಚೆನ್ನಾಗಿಯೇ ಓಡಾಡುತ್ತದೆ. ಒಂದು ದಿನ ಹೆಚ್ಚು ಪಿಎಚ್ ಇರುವ ನೀರು ಸೇರಿಸಿದಿರೋ, ಅದೇ ಅಮೋನಿಯಂ ವಿಷದ ರೂಪಕ್ಕೆ ತಿರುಗುತ್ತದೆ. ‘ನೀರು ಬದಲಿಸಿದೆ, ಮೀನು ಸತ್ತಿತು’ ಎಂದು ಹೇಳುವವರಲ್ಲಿ ಎಷ್ಟೋ ಮಂದಿಯ ಕಥೆ ಇದೇ ಇರಬೇಕೆಂದು ನನ್ನ ಊಹೆ.

ಪರಿಹಾರ ಅಡುಗೆಮನೆಯಲ್ಲೇ ಇತ್ತು. ತಕ್ಷಣಕ್ಕೆ ಅಡುಗೆ ಸೋಡಾ: ಅರ್ಧ ಚಮಚ, ಅಂದರೆ ಎರಡೂವರೆ ಗ್ರಾಂನಷ್ಟು ಹಾಕಿದರೆ 90 ಲೀಟರಿನಲ್ಲಿ ಕ್ಷಾರತೆ ಸುಮಾರು ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಒಂದರಂತೆ ಏರಿಸುತ್ತಾ ನಾಲ್ಕು ಡಿಗ್ರಿಗೆ ತಂದೆ. ದೀರ್ಘಕಾಲಕ್ಕೆ ಮರುವಾಯಿಯ ಚಿಪ್ಪು, ಅಂದರೆ ಕಪ್ಪೆಚಿಪ್ಪು. ಮರುವಾಯಿ ಪುಂಡಿ ಮಾಡಿದ ದಿನ ಅಮ್ಮ ಎಸೆಯಲು ಹೊರಟಿದ್ದ ಚಿಪ್ಪುಗಳನ್ನು ಕೇಳಿ ತೆಗೆದಿಟ್ಟುಕೊಂಡೆ. ಮಸಾಲೆ, ಮಾಂಸದ ಚೂರು ಒಂದಿಷ್ಟೂ ಉಳಿಯದಂತೆ ಉಜ್ಜಿ, ಮತ್ತೆ ಕುದಿಸಿ, ಬಿಸಿಲಿಗೆ ಒಣಗಿಸಿ, ಗೋಣಿಯಲ್ಲಿ ಸುತ್ತಿ ಕಡೆಗಲ್ಲಿನ ಮೇಲೆ ಸುತ್ತಿಗೆಯಿಂದ ಕುಟ್ಟಿದೆ. ನಯವಾದ ಪುಡಿಯನ್ನು ಜರಡಿ ಹಿಡಿದು ಬಿಟ್ಟು, ಹೆಸರುಕಾಳಿನ ಗಾತ್ರದ ಚೂರುಗಳನ್ನು ನೈಲಾನ್ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ದಾರಿಯಲ್ಲಿ ಇಟ್ಟೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಆಮ್ಲೀಯವಾದಷ್ಟೂ ಬೇಗ ಕರಗುತ್ತದೆ, ಪಿಎಚ್ 7 ದಾಟಿದ ಮೇಲೆ ಕರಗುವುದು ಬಹಳ ನಿಧಾನ. ಅತಿಯಾಗುವ ಭಯ ಕಡಿಮೆ.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. ಅಮೋನಿಯಾ ನಳಿಕೆಯ ಹಸಿರು ದಿನದಿನಕ್ಕೆ ತಿಳಿಯಾಗಿ ಹಳದಿಗೆ ಬಂತು, ನೈಟ್ರೈಟ್ ನಳಿಕೆ ಮಾತ್ರ ಹನಿ ಬಿದ್ದ ಕೂಡಲೇ ಕಡುನೇರಳೆ. 2 ಪಿಪಿಎಂ ಅಮೋನಿಯಾದಿಂದ ಐದೂಕಾಲು ಪಿಪಿಎಂಗೂ ಹೆಚ್ಚು ನೈಟ್ರೈಟ್ ಹುಟ್ಟುತ್ತದೆ, ಹಲವು ಕಿಟ್‌ಗಳ ಬಣ್ಣದ ಪಟ್ಟಿ ಮುಗಿಯುವುದೇ 5ಕ್ಕೆ. ಹಾಗಾಗಿ ಟ್ಯಾಂಕಿನ ನೀರು ಒಂದು ಪಾಲು, ಬಾವಿ ನೀರು ನಾಲ್ಕು ಪಾಲು ಬೆರೆಸಿ ಅಳೆದು, ಬಂದ ಅಂಕವನ್ನು ಐದರಿಂದ ಗುಣಿಸುತ್ತಿದ್ದೆ. ನೈಟ್ರೈಟ್ ಇಳಿಯುವವರೆಗೆ ಅಮೋನಿಯಾ ಹಾಕುವುದನ್ನು ತಡೆದೆ. ಕಾಯುವುದರಲ್ಲಿ ಬೇಸರದ ಹಂತ ಇದೇ. ಮಗಳು ದಿನಾ ಸಂಜೆ ಬಂದು, “ಅಪ್ಪಾ, ಇವತ್ತಾದರೂ ಬಣ್ಣ ಹೋಯಿತಾ?” ಎಂದು ಕೇಳುತ್ತಿದ್ದಳು. ನೈಟ್ರೇಟ್ ಅಳೆಯುವಾಗ ಎರಡನೆಯ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಲೇಬೇಕು. ತಳದಲ್ಲಿ ಕೂತ ಪುಡಿ ಬೆರೆಯದಿದ್ದರೆ ಅಂಕ ಸುಳ್ಳು ಹೇಳುತ್ತದೆ.

ಮಂಗಳೂರಿನಲ್ಲಿರುವ ಭಾವನ ಮನೆಯಲ್ಲಿ ತುಂಬೆಯಿಂದ ಬರುವ ನಗರಪಾಲಿಕೆಯ ನೀರು. ಅಲ್ಲಿ ಮೊದಲು ನೋಡಿಕೊಳ್ಳಬೇಕಾದದ್ದು ಕ್ಲೋರಿನ್, ಅದು ನಾವು ಬೆಳೆಸುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅವರು ನೀರನ್ನು ಒಂದು ದಿನ ಡ್ರಮ್ಮಿನಲ್ಲಿ ಗಾಳಿಗುಳ್ಳೆ ಬಿಟ್ಟು ಇಟ್ಟೇ ಬಳಸುತ್ತಾರೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಹರಳು. ನಮ್ಮ ಟ್ಯಾಂಕಿನ ಹಳೆಯ ಸ್ಪಂಜಿನ ಅರ್ಧ ತುಂಡನ್ನು ಒದ್ದೆಯಾಗಿಯೇ ಒಯ್ದು ಅವರ ಫಿಲ್ಟರಿಗೆ ಹಾಕಿದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅವರ ಟ್ಯಾಂಕ್ ನಮ್ಮದಕ್ಕಿಂತ ಬಹಳ ಬೇಗ ಸಿದ್ಧವಾಯಿತು. ಹೀಗೆ ಕೊಡುವವರು ಆರೋಗ್ಯವಂತ ಮೀನು ಸಾಕಿರುವವರೇ ಆಗಿರಬೇಕು, ಇಲ್ಲವಾದರೆ ರೋಗವೂ ಜೊತೆಗೆ ಬರುತ್ತದೆ.

ಹೀಟರ್ ನಮಗೆ ಬೇಕಾಗಲಿಲ್ಲ. ಕರಾವಳಿಯ ಸೆಕೆ ಈ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಕರೆಂಟು ಹೋಗುವುದೇ ಇಲ್ಲಿನ ನಿಜವಾದ ಕಷ್ಟ. ನೀರು ಹರಿಯದೆ ಮುಚ್ಚಿದ ಫಿಲ್ಟರಿನೊಳಗೆ ಗಂಟೆಗಟ್ಟಲೆ ನಿಂತರೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತದೆ. ಅದಕ್ಕೆಂದೇ ಟ್ಯಾಂಕಿನೊಳಗೊಂದು ಸ್ಪಂಜ್ ಫಿಲ್ಟರ್, ಅದಕ್ಕೆ ಬ್ಯಾಟರಿಯ ಏರ್ ಪಂಪ್ ಇಟ್ಟಿದ್ದೇನೆ.

ರಾತ್ರಿ 2 ಪಿಪಿಎಂ ಅಮೋನಿಯಾ ಹಾಕಿ ಮರುದಿನ ಅದೇ ಹೊತ್ತಿಗೆ ಅಳೆದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕ್ ಸಿದ್ಧ. ಒಮ್ಮೆ ಬಂದರೆ ಸಾಲದು, ಮರುದಿನವೂ ಬರಬೇಕು. ಆಮೇಲೆ ಮುಕ್ಕಾಲು ಪಾಲು ನೀರು ಬದಲಿಸಿ ಕೂಡಿಬಿದ್ದ ನೈಟ್ರೇಟನ್ನು ಇಳಿಸಿದೆ, ಹೊಸ ನೀರಿಗೂ ಸೋಡಾ ಬೆರೆಸಿ ಕ್ಷಾರತೆ ಸರಿದೂಗಿಸಿದೆ. ಮೊದಲು ಬಿಟ್ಟದ್ದು ಮೆದು ನೀರು ಒಗ್ಗುವ ರಸ್ಬೋರಾಗಳ ಒಂದು ಪುಟ್ಟ ಗುಂಪು. ಮೊದಲ ವಾರ ದಿನಾ ನೈಟ್ರೈಟ್ ಅಳೆಯಿರಿ, ಆಹಾರ ಕಡಿಮೆ ಹಾಕಿ, ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಚಿಪ್ಪಿನ ಚೀಲ ಹಗುರವಾದಾಗ ಹೊಸ ಚೂರು ತುಂಬಿಸಿ.