ಉದ್ರಿ ಪುಸ್ತಕ ಮುಂದಿಟ್ಟುಕೊಂಡು ಜಕಾತ್ ಲೆಕ್ಕ

ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಆಸ್ತಿಯಲ್ಲಿ ಬಡವರಿಗೆ ಕೊಡಲೇಬೇಕಾದ ಪಾಲು ಜಕಾತ್. ಅಪ್ಪನ ಕಾಲದಲ್ಲಿ ಜಕಾತ್ ಅಂದರೆ ರಂಜಾನಿನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ಗಲ್ಲಾದಿಂದ ಐವತ್ತು, ನೂರು ಕೊಡೋದು. ಎಷ್ಟು ಕೊಡಬೇಕಿತ್ತು ಅಂತ ಯಾರೂ ಕೂಡಿಸಿ ನೋಡಿದ್ದಿಲ್ಲ. ಬಡವರ ಹಕ್ಕನ್ನು ಹೀಗೆ ಅಂದಾಜಿನಲ್ಲಿ ಕೊಡೋದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಮೊದಮೊದಲು ಮಾರ್ಚ್ 31ಕ್ಕೆ, ತೆರಿಗೆ ಲೆಕ್ಕದ ಜೊತೆಗೇ ಮುಗಿಸುತ್ತಿದ್ದೆ. ಆದರೆ ಜಕಾತಿನ ಲೆಕ್ಕ ಚಾಂದ್ರಮಾನ ವರ್ಷದ್ದು, ಅದು ಸುಮಾರು 11 ದಿನ ಚಿಕ್ಕದು. ಹಾಗೇ ಬಿಟ್ಟರೆ 33 ವರ್ಷಕ್ಕೆ ಒಂದು ವರ್ಷದ ಜಕಾತೇ ತಪ್ಪಿಹೋಗುತ್ತದೆ. ಈಗ ರಂಜಾನಿನ ಮೊದಲ ದಿನವೇ ನನ್ನ ಲೆಕ್ಕದ ದಿನ.

ಬೆಳಿಗ್ಗೆಯೇ ಚೀಲ ಎಣಿಸುತ್ತೇವೆ. ಭತ್ತ, ಉಪ್ಪು ಹಾಕಿ ಒಣಗಿಸಿದ ಅಕ್ಕಿ, ಹುರಿದ ಮಂಡಕ್ಕಿ, ಎಲ್ಲಕ್ಕೂ ಅವತ್ತು ಮಾರಿದರೆ ಸಿಗುವ ಬೆಲೆ ಕಟ್ಟಬೇಕು, ಕೊಂಡ ಬೆಲೆಯಲ್ಲ. ಭಟ್ಟಿ, ಗಾಡಿ, ಕಟ್ಟಡ ಮಾರೋಕಲ್ಲ, ಅವಕ್ಕೆ ಜಕಾತಿಲ್ಲ. ಹೋದ ವರ್ಷ ಮಾಲು 3,60,000, ನಗದು ಮತ್ತು ಬ್ಯಾಂಕಿನದು 90,000, ಬರುವ ಭರವಸೆಯಿದ್ದ ಉದ್ರಿ 1,50,000. ಭತ್ತದ ವರ್ತಕರಿಗೆ, ಆಳುಗಳಿಗೆ ಕೊಡಬೇಕಿದ್ದ 1,20,000 ಕಳೆದು ಉಳಿದದ್ದು 4,80,000. ನಲವತ್ತರಲ್ಲಿ ಒಂದು ಪಾಲು, 12,000. ಸುಮಾರು 612 ಗ್ರಾಂ ಬೆಳ್ಳಿಯ ಬೆಲೆ ದಾಟಿದವರಿಗೆ ಇದು ಕಡ್ಡಾಯ.

ಕಷ್ಟವಾಗಿದ್ದು ಉದ್ರಿ ಪುಸ್ತಕದಲ್ಲಿ. ನಮ್ಮ ಮೊಹಲ್ಲಾದ ವಿಧವೆಯೊಬ್ಬರು ಮಿರ್ಚಿ-ಮಂಡಕ್ಕಿ ಗಾಡಿ ಇಟ್ಟಿದ್ದರು. 4,000 ಬಾಕಿ, ಎಂಟು ತಿಂಗಳಿಂದ ಗಾಡಿಯೂ ನಿಂತಿತ್ತು. ಅವರ ಪುಟಕ್ಕೆ ಗೆರೆ ಎಳೆದು ಜಕಾತಿಗೆ ಹಿಡಿಯೋಣ ಅಂತ ಮೌಲಾನಾ ಸಾಹೇಬರನ್ನು ಕೇಳಿದೆ.

"ಬಾರದ ದುಡ್ಡು ಬಿಟ್ಟುಬಿಟ್ಟು ಅದನ್ನೇ ಜಕಾತ್ ಅನ್ನಬೇಡಪ್ಪ. ಮೊದಲು ಆಕೆ ಕೈಗೆ ಕೊಡು, ಅದು ಆಕೇದಾಗಲಿ. ಆಮೇಲೆ ನಿನ್ನ ಸಾಲ ತೀರಿಸ್ತಾಳೋ, ಅಕ್ಕಿ ತರ್ತಾಳೋ, ಆಕೆ ಇಷ್ಟ," ಅಂದರು.

ನಾನು ಪುಸ್ತಕ ಅಂಗಡಿಯಲ್ಲೇ ಬಿಟ್ಟು ಹೋದೆ. ಜಕಾತ್ ಅಂತ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ, ಕೊಡುವವನ ನಿಯ್ಯತ್ತು, ಅಂದರೆ ಮನಸ್ಸಿನ ಸಂಕಲ್ಪ, ಸಾಕು. "ಆಪಾ, ಹಬ್ಬಕ್ಕೆ ಇಟ್ಟುಕೊಳ್ಳಿ" ಅಂತ 4,000 ಕೊಟ್ಟು, ಬಾಕಿಯ ಮಾತೆತ್ತದೆ ಬಂದೆ.

ಹಬ್ಬಕ್ಕೆ ಆಳುಗಳಿಗೆ ಕೊಡುವ ಬೋನಸ್ಸನ್ನೂ ಇದರಲ್ಲಿ ಸೇರಿಸುವಂತಿಲ್ಲ, ಅದು ಅವರ ದುಡಿಮೆಯದು. ಪಕ್ಕದ ಭಟ್ಟಿಯ ಮಂಜಣ್ಣನ ಮಗಳ ಫೀಸಿಗೆ ಕೊಟ್ಟಿದ್ದು ಸದಕಾ, ಅಂದರೆ ಮನಸ್ಸಿಗೆ ಬಂದಷ್ಟು ಕೊಡುವ ದಾನ. ಅದಕ್ಕೆ ಜಾತಿ, ಧರ್ಮದ ಕಟ್ಟಿಲ್ಲ, ಲೆಕ್ಕವೂ ಬೇರೆ.

ಬಕ್ರೀದ್ ಹೊತ್ತಿಗೆ ಆಪಾ ಗಾಡಿ ಮತ್ತೆ ಹೂಡಿದರು. ಒಂದು ಸಂಜೆ ಬಂದು ಎರಡು ಚೀಲ ಮಂಡಕ್ಕಿಗೆ ನಗದು ಕೊಟ್ಟು, ಹಳೇ ಬಾಕಿಗೆ ಅಂತ ಎಣ್ಣೆ ಅಂಟಿದ ನೋಟುಗಳಲ್ಲಿ ಒಂದು ಸಾವಿರ ಎಣಿಸಿಟ್ಟರು. ಜಮಾ ಬರೆದುಕೊಂಡೆ. ಈ ರಂಜಾನಿನ ಲೆಕ್ಕದಲ್ಲಿ ಉಳಿದ ಮೂರು ಸಾವಿರವನ್ನು ಬರುವ ಉದ್ರಿಯ ಪಟ್ಟಿಗೇ ಸೇರಿಸಿದ್ದೇನೆ.