29 ವರ್ಷದ ಮೇಲೆ ಮತ್ತೆ ಪೇಟಿ ಮುಂದೆ

ಎರಡು ವರ್ಷದ ಹಿಂದೆ, ದಸರೆಗೆ ಮೊದಲು, ಗದಗ-ಬೆಟಗೇರಿಯ ನನ್ನ ತವರುಮನೆಗೆ ಸುಣ್ಣ ಬಳಿಸುತ್ತಿದ್ದರು. ಅಟ್ಟದ ಸಾಮಾನು ಇಳಿಸುವಾಗ ಹಳೆಯ ಕೌದಿಯಲ್ಲಿ ಸುತ್ತಿಟ್ಟ ಪೇಟಿ ಸಿಕ್ಕಿತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ಒಂಬತ್ತನೇ ವಯಸ್ಸಿನಿಂದ ಹದಿನೇಳರ ತನಕ ನಾನು ಕಲಿತದ್ದು ಅದರ ಮೇಲೆಯೇ. ಪಿಯುಸಿ ಮುಗಿದ ಮೇಲೆ ಬಿಟ್ಟೆ. ಆಮೇಲೆ ಓದು, ಮದುವೆ, ಹುಬ್ಬಳ್ಳಿ, ನೌಕರಿ, ಮಕ್ಕಳು. ಮತ್ತೆ ಅದರ ಮುಚ್ಚಳ ತೆಗೆದಾಗ ನನಗೆ 46.

ಗಾಳಿ ಹಾಕಿದೆ. ಬೆರಳಿಡುವ ಯಾವ ಪಟ್ಟಿಯನ್ನೂ ಒತ್ತದೆಯೇ ಒಂದು ಸ್ವರ ಸುಂಯ್ ಅಂತ ತಾನೇ ಕೂಗಿತು. ಎರಡು ಸ್ವರ ಮೂಕ. ಗಾಳಿ ತುಂಬುವ ತಿದಿಯ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಆದರೂ ಬಲಗೈ ತಾನಾಗಿ ಹೋಗಿ ಭೂಪ ರಾಗದ ಸ ರಿ ಗ ಪ ದ ಹಿಡಿಯಿತು. ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಆವತ್ತು ಸಂಜೆಯೇ ಪೇಟಿಯನ್ನು ಕಾರಿನಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ತಂದೆ.

ಮೊದಲು ತೋರಿಸಿದ ಅಂಗಡಿಯವರು ಇದನ್ನು ಬಿಡಿ, ಹೊಸದು ತಗೊಳ್ಳಿ ಅಂದರು. ನನಗೆ ಮನಸ್ಸಾಗಲಿಲ್ಲ. ಇನ್ನೊಬ್ಬರು ವಯಸ್ಸಾದ ರಿಪೇರಿಯವರು ಸಿಕ್ಕರು. ಅವರು ಮೇಲಿನ ಹಲಗೆ ಬಿಚ್ಚಿ ತೋರಿಸಿದರು. ಮೂಕವಾಗಿದ್ದ ಎರಡು ರೀಡ್‌ಗಳು ಕೆಟ್ಟಿರಲಿಲ್ಲ. ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಯ ಸಂದಿಯಲ್ಲಿ ಧೂಳು ಸಿಕ್ಕಿತ್ತು, ಅಷ್ಟೇ. ತೆಳುವಾದ ಕಾಗದ ಆಡಿಸಿ ತೆಗೆದರು. ತಾನೇ ಕೂಗುತ್ತಿದ್ದ ಸ್ವರಕ್ಕೆ ಕಾರಣ ಪಟ್ಟಿಯ ಕೆಳಗಿನ ತೊಗಲು. ಅದು ಗಟ್ಟಿಯಾಗಿ ತೂತನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ತಿದಿಗೆ ಹೊಸ ಬಟ್ಟೆ ಅಂಟಿಸಿದರು. ಶ್ರುತಿ ಇಳಿದಿದ್ದ ರೀಡ್‌ಗಳನ್ನು ತುದಿಯಲ್ಲಿ ಚೂರೇ ಚೂರು ಕೆರೆದರು. ತುದಿ ಹಗುರಾದರೆ ಸ್ವರ ಏರುತ್ತದೆ, ಬುಡ ತೆಳುವಾದರೆ ಇಳಿಯುತ್ತದೆ. ಇದನ್ನು ಮನೆಯಲ್ಲಿ ಕೈಯಾರೆ ಮಾಡಲು ಹೋಗಬೇಡಿ. ಹೆಚ್ಚು ಕೆರೆದರೆ ರೀಡ್ ಹೋಯಿತು ಅಂತಲೇ ಲೆಕ್ಕ. ಒಟ್ಟು 4,500 ರೂಪಾಯಿ ಆಯಿತು.

ಹಳೆ ಪೇಟಿ ಇರುವವರು ಒಂದು ಪರೀಕ್ಷೆ ಮಾಡಿ ನೋಡಬಹುದು. ರೀಡ್ ಕಡೆ ಗಾಳಿ ಬಿಡುವ ಸ್ಟಾಪ್ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ, ಗಾಳಿ ತುಂಬಿಸಿ, ಕೈ ಬಿಡಿ. ಬೇಗ ಕುಸಿದರೆ ಎಲ್ಲೋ ಸೋರುತ್ತಿದೆ. ಸೋರುವ ಪೇಟಿಯ ಮೇಲೆ ಕಲಿತರೆ ಗಾಳಿ ಹಾಕುವ ಎಡಗೈ ಹಾಳಾಗುತ್ತದೆ.

ಎಡಗೈ ಅಂದೆನಲ್ಲ, ನಾನು ಇಲ್ಲಿ ಹೇಳಬೇಕಾದದ್ದೇ ಅದು.

ಮೊದಲ ತಿಂಗಳು ಗುರುವಿಲ್ಲದೆ ಶುರು ಮಾಡಿದೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಭಾವಗೀತೆ, ಭಜನೆ ನುಡಿಸಿದೆ. ಕಿವಿ ಚೆನ್ನಾಗಿ ನೆನಪಿಟ್ಟುಕೊಂಡಿತ್ತು. ಹಾಡು ಕೇಳಿದರೆ ಸ್ವರ ಎಲ್ಲಿದೆ ಅಂತ ತಿಳಿಯುತ್ತಿತ್ತು. ಬೆರಳೂ ವಾರದಿಂದ ವಾರಕ್ಕೆ ಸಡಿಲವಾಗುತ್ತಿತ್ತು. ಆದರೆ ರೆಕಾರ್ಡ್ ಮಾಡಿ ಕೇಳಿದಾಗ ಬೇಸರವಾಯಿತು. ಸ್ವರ ಸರಿ, ತಾಳ ಸರಿ, ಆದರೆ ನಾದ ಬಿಕ್ಕುತ್ತಿತ್ತು. ಎರಡೆರಡು ಸ್ವರಕ್ಕೊಮ್ಮೆ ಒಂದು ಉಬ್ಬು, ಆಮೇಲೆ ಒಂದು ತಗ್ಗು. ಕಾರಣ ನನಗೆ ತಿಳಿಯಲಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬ ಹಿರಿಯ ಮಾಸ್ತರರಿದ್ದಾರೆ. ಪರಿಚಯದವರು ಅವರ ಹತ್ತಿರ ಕರೆದುಕೊಂಡು ಹೋದರು. ಮಾಸ್ತರರು ಎರಡು ನಿಮಿಷ ಕೇಳಿದರು. ನಾನು ಬೆರಳಿನ ಬಗ್ಗೆ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. "ಬೆರಳು ಇರ್ಲಿ ತಂಗಿ, ಅವು ಬರ್ತಾವು. ನಿನ್ನ ಗಾಳಿ ಹರೀತೈತಿ. ಮೊದಲ ಗಾಳಿ ಹಿಡಿ" ಅಂದರು. ಗಾಳಿ ತುಂಡುತುಂಡಾಗುತ್ತಿದೆ ಅಂತ ಅರ್ಥ.

ಆ ಮಾತು ಕೇಳಿ ನನ್ನ ಎದೆ ಝಲ್ ಎಂದಿತು. ಗದಗಿನಲ್ಲಿ ನನಗೆ ಮೊದಲು ಕಲಿಸಿದ ಮಾಸ್ತರರೂ ಇದನ್ನೇ ಹೇಳುತ್ತಿದ್ದರು. ಅವರು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಆಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದ ಆಶ್ರಮ ಅದು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ನನ್ನ ಮಾಸ್ತರರಿಗೂ ಕಾಣುತ್ತಿರಲಿಲ್ಲ. ಪುಸ್ತಕವಿಲ್ಲ, ಸ್ವರಲಿಪಿ ಇಲ್ಲ. ಅವರು ಹಾಡುತ್ತಿದ್ದರು, ನಾವು ಹುಡುಕಿ ನುಡಿಸಬೇಕಿತ್ತು. ನನ್ನ ಕಿವಿ ಇಷ್ಟು ವರ್ಷ ಉಳಿದದ್ದು ಅದರಿಂದಲೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅವರೂ ಆಗಾಗ "ಗಾಳಿ ಹರೀತು" ಅನ್ನುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ಅದು ಏನೆಂದು ತಿಳಿಯಲಿಲ್ಲ. ಗಾಳಿ ಹಾಕುವುದು ಅಂದರೆ ಪೇಟಿಗೆ ಊಟ ಹಾಕಿದ ಹಾಗೆ ಅಂದುಕೊಂಡಿದ್ದೆ. ಕಲೆಯೆಲ್ಲ ಬಲಗೈಯಲ್ಲಿ ಇದೆ ಅಂದುಕೊಂಡಿದ್ದೆ.

ಹಾಗಾಗಿ ಮೊದಲ ಆರು ವಾರ ಮಾಸ್ತರರು ರಾಗ ಕೊಡಲಿಲ್ಲ. ಒಂದೇ ಷಡ್ಜ, ಅಂದರೆ ‘ಸ’. ಒಂದು ಪಟ್ಟಿ ಒತ್ತಿ, ಒಂದೇ ಸಲ ಗಾಳಿ ಹಾಕಿ, ನಾದ ಎಷ್ಟು ಎಣಿಕೆ ಸಮನಾಗಿ ನಿಲ್ಲುತ್ತದೆ ನೋಡಬೇಕು. ಮೊದಲ ದಿನ ನನ್ನದು ಒಂಬತ್ತಕ್ಕೆ ನಡುಗಿತು.

ಇದರ ಹಿಂದಿನ ಕೆಲಸ ಹೀಗಿದೆ. ನಾವು ಕೈಯಿಂದ ಆಡಿಸುವ ತಿದಿ ಹೊರಗಿನದು. ಅದು ಗಾಳಿಯನ್ನು ಒಳಗಿನ ಇನ್ನೊಂದು ಚೀಲಕ್ಕೆ ತಳ್ಳುತ್ತದೆ. ಆ ಚೀಲವನ್ನು ಸ್ಪ್ರಿಂಗ್ ಒತ್ತುತ್ತಾ ಇರುತ್ತದೆ. ಆ ಒತ್ತಡದಲ್ಲೇ ಗಾಳಿ ರೀಡ್ ಕಡೆ ಹೋಗುತ್ತದೆ. ಒಳಗಿನ ಚೀಲ ತುಂಬಿ ತುಳುಕುತ್ತಿದ್ದಾಗ ಮತ್ತೆ ಜೋರಾಗಿ ತಳ್ಳಿದರೆ, ಆ ತಳ್ಳು ನೇರ ನಾದಕ್ಕೆ ಬಡಿಯುತ್ತದೆ. ಅದೇ ನನ್ನ ಉಬ್ಬು. ಚೀಲ ಬರಿದಾಗುವ ತನಕ ಕಾದರೆ ನಾದ ಕುಸಿಯುತ್ತದೆ. ಅದು ತಗ್ಗು. ಚೀಲ ತುಂಬಲೂಬಾರದು, ಬರಿದಾಗಲೂಬಾರದು. ಸಣ್ಣ ಸಣ್ಣ ಗಾಳಿ ಹಾಕುತ್ತಾ ನಡುವಿನಲ್ಲಿ ಇಟ್ಟುಕೊಳ್ಳಬೇಕು. ಒಂದು ಸ್ವರ ನುಡಿಸಿದರೆ ಗಾಳಿ ಕಡಿಮೆ ಬೇಕು, ಎರಡು ಸ್ಟಾಪ್ ತೆಗೆದರೆ ಜಾಸ್ತಿ ಬೇಕು. ಎಡಗೈ ಇದನ್ನೆಲ್ಲ ಬಲಗೈಯನ್ನು ಕೇಳದೆ ಲೆಕ್ಕ ಹಾಕಬೇಕು. ಮಾಸ್ತರರು ನನ್ನ ಮಣಿಕಟ್ಟು ಹಿಡಿದು, ತೋಳಿನಿಂದ ತಳ್ಳಬೇಡ, ಬೆರಳಿನ ತುದಿಯಿಂದ ಎಳೆ ಅಂತ ತೋರಿಸಿದರು. ಮೂರನೇ ತಿಂಗಳಿಗೆ ನನ್ನ ಷಡ್ಜ 22 ಎಣಿಕೆ ನಿಂತಿತು. ಆ ದಿನದ ಸಂತೋಷ ಯಾವ ಹಾಡು ಬಂದಾಗಲೂ ಆಗಿರಲಿಲ್ಲ.

ಬೆರಳಿನ ವಿಷಯ ಬೇಗ ಹೇಳಿಬಿಡುತ್ತೇನೆ. ಉಂಗುರದ ಬೆರಳು, ಕಿರುಬೆರಳು ಸೋಮಾರಿಯಾಗಿದ್ದವು. ಸರಿಗ, ರಿಗಮ, ಗಮಪ ಅಂತ ಪಲ್ಟಾಗಳನ್ನು ನಿಧಾನ ಲಯದಲ್ಲಿ, ದಿನಕ್ಕೆ ಹತ್ತು ನಿಮಿಷ ನುಡಿಸಿದೆ. ಮಣಿಕಟ್ಟು ನೋಯತೊಡಗಿದರೆ ನಿಲ್ಲಿಸುತ್ತಿದ್ದೆ. ಈ ವಯಸ್ಸಿನಲ್ಲಿ ನೋವಿನ ಮೇಲೆ ಸಾಧನೆ ಮಾಡಿದರೆ ಒಂದು ವಾರ ಪೂರ್ತಿ ಹೋಗುತ್ತದೆ, ನನಗೆ ಎರಡು ಸಲ ಹಾಗಾಯಿತು.

ಷಡ್ಜ ಬದಲಾಯಿಸುವುದು ಮಾತ್ರ ಬಹಳ ಕೆಲಸ ಕೊಟ್ಟಿತು, ಬಹಳ ರುಚಿಯೂ ಕೊಟ್ಟಿತು. ಹೊಸ ಪೇಟಿಗಳಲ್ಲಿ ಪಟ್ಟಿಯ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಏರ್ಪಾಡು ಬರುತ್ತದೆ. ನನ್ನದರಲ್ಲಿ ಇಲ್ಲ. ಮಾಸ್ತರರು ಇಲ್ಲದ್ದೇ ಒಳ್ಳೆಯದಾಯಿತು ಅಂದರು. ಒಂದೇ ರಾಗವನ್ನು ಬಿಳಿ ಒಂದರಿಂದ (ಅಂದರೆ ಸಪ್ತಕದ ಮೊದಲ ಬಿಳಿ ಪಟ್ಟಿ, ಪಿಯಾನೋದ C), ಕರಿ ಒಂದರಿಂದ, ಬಿಳಿ ಎರಡರಿಂದ ಹೀಗೆ ಹನ್ನೆರಡೂ ಪಟ್ಟಿಯಿಂದ ನುಡಿಸಲು ಹಚ್ಚಿದರು. ಆಗ ನನಗೆ ಗೊತ್ತಾದ ಎರಡು ಸಂಗತಿ ಈಗಲೂ ಖುಷಿ ಕೊಡುತ್ತವೆ. ಕರಿ ಮೂರನ್ನು ಷಡ್ಜ ಮಾಡಿಕೊಂಡರೆ ಭೂಪದ ಐದೂ ಸ್ವರ ಐದು ಕರಿ ಪಟ್ಟಿಯ ಮೇಲೆಯೇ ಬರುತ್ತವೆ. ಬಿಳಿ ನಾಲ್ಕನ್ನು ಷಡ್ಜ ಮಾಡಿಕೊಂಡರೆ ಯಮನ್ ರಾಗ ಪೂರ್ತಿ ಬಿಳಿಯ ಮೇಲೆ ಬರುತ್ತದೆ, ಏರಿಸಿದ ಮ, ಅಂದರೆ ತೀವ್ರ ಮಧ್ಯಮವೂ ಸೇರಿ. ಪಿಯಾನೋ, ಕೀಬೋರ್ಡ್ ಇರುವವರೂ ಇದನ್ನು ನುಡಿಸಿ ನೋಡಬಹುದು.

ಇನ್ನೊಂದು ಪಾಠ ಗಾಂಧಾರದ್ದು, ಅಂದರೆ ‘ಗ’ ಸ್ವರದ್ದು. ತಂಬೂರಿಯ ಆ್ಯಪ್ ಹಚ್ಚಿಕೊಂಡು ಯಮನ್ ನುಡಿಸುವಾಗ ಶುದ್ಧ ಗಾಂಧಾರ ಚುಚ್ಚುತ್ತಿತ್ತು. ರೀಡ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ, ಸ್ವರದ ಅಂತರ ಅಳೆಯುವ ಲೆಕ್ಕದಲ್ಲಿ ಒಂದೊಂದು ಪಾಲು 100 ಸೆಂಟ್. ಹಾಗಾಗಿ ಗಾಂಧಾರ 400ಕ್ಕೆ ಬರುತ್ತದೆ. ತಂಬೂರಿಯ ತಂತಿಯೊಳಗಿಂದ ಕೇಳುವ ಗಾಂಧಾರ ಸುಮಾರು 386ಕ್ಕೆ ಇದೆ. 14 ಸೆಂಟ್ ಅಂತರ ಕಿವಿಗೆ ಸಣ್ಣದಲ್ಲ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ, ಸ್ವರ ನಮ್ಮ ಶ್ರುತಿಗೆ ಕೂಡುವುದಿಲ್ಲ ಅನ್ನುವ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು. 1971ರ ತನಕ ಅದು ಹಾಗೇ ಇತ್ತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಂದರೆ ಇಷ್ಟೊಂದು ಗವಾಯಿಗಳ ಊರಿನ ರೇಡಿಯೋದಲ್ಲಿ ಮೊದಲ ಇಪ್ಪತ್ತು ವರ್ಷ ಪೇಟಿಯ ಸಾಥ್ ಇರಲಿಲ್ಲ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ವಾದ್ಯದ ಕೊರತೆ ನಿಜ. ಆದರೆ ಅದನ್ನು ದಾಟುವ ದಾರಿಯನ್ನು ಬೆಳಗಾವಿಯ ಪೇಟಿ ವಾದಕ ರಾಮಭಾವೂ ಬಿಜಾಪುರೆ ಅಂಥವರು ನುಡಿಸಿ ತೋರಿಸಿದ್ದಾರೆ. ಮಾಸ್ತರರು ನನಗೆ ಹೇಳಿಕೊಟ್ಟದ್ದು ಇಷ್ಟು: ಗಾಂಧಾರದ ಮೇಲೆ ಕೂರಬೇಡ, ಗಾಳಿ ಇಳಿಸಿ ಮುಟ್ಟಿ ಬಿಡು. ಒಂದು ಪಟ್ಟಿ ಬಿಡುವ ಮೊದಲೇ ಇನ್ನೊಂದನ್ನು ಒತ್ತು, ಆ ಸಂದಿಯಲ್ಲಿ ಗಾಳಿ ಮೆತ್ತಗೆ ಮಾಡು. ಆಗ ಮೀಂಡ್ ಬಂದ ಹಾಗೆ ಕೇಳುತ್ತದೆ. ನೋಡಿ, ಇಲ್ಲಿಯೂ ಎಡಗೈಯೇ.

ನನ್ನ ದಿನಚರಿ ದೊಡ್ಡದೇನಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು 25 ನಿಮಿಷ. ಹತ್ತು ನಿಮಿಷ ಗಾಳಿ, ಹತ್ತು ಪಲ್ಟಾ, ಉಳಿದದ್ದು ರಾಗ. ಭಾನುವಾರ ಉಣಕಲ್‌ನಲ್ಲಿ ಚಿಗರಿ ಬಸ್ ಹತ್ತಿ, ಧಾರವಾಡದ ಜುಬಿಲಿ ವೃತ್ತದಲ್ಲಿ ಇಳಿದು ಮಾಸ್ತರರ ಮನೆಗೆ. ದೊಡ್ಡವರಾದ ಮೇಲೆ ವಾರಕ್ಕೊಂದು ಪಾಠ ಸಾಕು, ಆದರೆ ಸಾಧನೆ ದಿನಾ ಬೇಕು ಅಂತ ನನ್ನ ಅನಿಸಿಕೆ. ಭಾನುವಾರ ಎರಡು ತಾಸು ಕೂತು ವಾರವೆಲ್ಲ ಬಿಟ್ಟರೆ ಎಡಗೈ ಮರೆತೇ ಬಿಡುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಪಟ್ಟಿಗಳು ಹಿಡಿಯುತ್ತವೆ. ಆಗ ಪೇಟಿಯನ್ನು ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡುತ್ತೇನೆ. ಎಣ್ಣೆ ಮಾತ್ರ ಹಾಕುವುದಿಲ್ಲ.

ಈ ಶ್ರಾವಣದಲ್ಲಿ ಅವ್ವ ಹುಬ್ಬಳ್ಳಿಗೆ ಬಂದಿದ್ದಳು. ಅವಳಿಗೆ 74. ಮೊದಲು ಕರಿ ನಾಲ್ಕರಿಂದ ಜೋರಾಗಿ ತತ್ವಪದ ಹಾಡುತ್ತಿದ್ದಳು. ಈಗ ಬಿಳಿ ನಾಲ್ಕಕ್ಕೆ ಇಳಿಸಬೇಕಾಯಿತು, ಮೂರು ಪಟ್ಟಿ ಕೆಳಗೆ. ನಾನು ತಡವರಿಸದೆ ಹಿಡಿದೆ, ಹನ್ನೆರಡು ಷಡ್ಜದ ಸಾಧನೆ ಅಲ್ಲಿ ಕೈಗೆ ಬಂತು. ಒಂದು ಸಾಲಿನ ನಡುವೆ ಅವಳ ಉಸಿರು ಸಾಲಲಿಲ್ಲ, ನಿಂತಳು. ನಾನು ಮುಂದೆ ಹೋಗಲಿಲ್ಲ. ಷಡ್ಜ ಒಂದನ್ನೇ ಮೆಲ್ಲಗೆ ಹಿಡಿದು ಗಾಳಿ ಸಣ್ಣದು ಮಾಡಿದೆ. ಅವಳು ಉಸಿರು ತಗೊಂಡು ಅಲ್ಲಿಂದಲೇ ಮತ್ತೆ ಎತ್ತಿಕೊಂಡಳು.

ಪದ ಮುಗಿದ ಮೇಲೆ ಅವ್ವ ಸ್ವಲ್ಪ ಹೊತ್ತು ಪೇಟಿಯ ಮೇಲೆ ಕೈ ಇಟ್ಟುಕೊಂಡು ಕೂತಳು. "ಇನ್ನೊಂದು ಹಾಡ್ಲೇನು?" ಅಂದಳು.