ದತ್ತಿನಿಧಿ ಇಡುವುದು, ಹಂಚುವುದು: ಊರಿನ ಟ್ರಸ್ಟುಗಳಿಗೆ ಒಂದು ಕೈಪಿಡಿ

ಹಳೆಯ ಹೈಸ್ಕೂಲು, ಕಾಲೇಜುಗಳ ಗೋಡೆಯ ಮೇಲೆ ದತ್ತಿಗಳ ಬೋರ್ಡ್ ನೋಡಿರುತ್ತೀರಿ. ಇಂಥವರ ಸ್ಮರಣಾರ್ಥ 1,000 ರೂಪಾಯಿ, ಬಡ್ಡಿಯಲ್ಲಿ ಪ್ರತಿವರ್ಷ ಒಂದು ಪದಕ. ಆ ಸಾವಿರಕ್ಕೆ ಶೇ 6.5ರಂತೆ ಈಗ ಬರುವ ಬಡ್ಡಿ 65 ರೂಪಾಯಿ. ಪದಕ ಹಾಗಿರಲಿ, ಅದನ್ನಿಡುವ ಡಬ್ಬಿಯೂ ಬರುವುದಿಲ್ಲ. ಬಡ್ಡಿಯನ್ನು ವರ್ಷವರ್ಷವೂ ಪೂರ್ತಿ ಹಂಚಿದ್ದರಿಂದ ಇಡುಗಂಟು ಇದ್ದಲ್ಲೇ ಉಳಿಯಿತು, ಬೆಲೆಗಳು ಮುಂದೆ ಹೋದವು.

10 ಲಕ್ಷ ರೂಪಾಯಿಯ ನಿಧಿಗೆ ಶೇ 6.5ರಂತೆ ವರ್ಷಕ್ಕೆ 65,000 ಬರುತ್ತದೆ ಅನ್ನಿ. ಅಷ್ಟನ್ನೂ ಹಂಚುತ್ತಾ ಹೋದರೆ, ಬೆಲೆ ವರ್ಷಕ್ಕೆ ಶೇ 5 ಏರಿದರೂ ಸಾಕು, 20 ವರ್ಷದ ಮೇಲೆ ಆ 65,000ಕ್ಕೆ ಇಂದಿನ ಸುಮಾರು 24,500 ರೂಪಾಯಿಯ ಬೆಲೆಯಷ್ಟೇ. ಪ್ರತಿವರ್ಷ 15,000 ಅಸಲಿಗೆ ಸೇರಿಸಿ 50,000 ಹಂಚಿದರೆ ಸವಕಳಿ ಪೂರ್ತಿ ನಿಲ್ಲದಿದ್ದರೂ ನಿಧಾನವಾಗುತ್ತದೆ. ಬಡ್ಡಿಯ ನಾಲ್ಕನೇ ಒಂದು ಪಾಲು ಅಸಲಿಗೆ ಎಂಬ ನಿಯಮ ಸಣ್ಣ ನಿಧಿಗಳಿಗೆ ಹೊಂದುತ್ತದೆ.

ಇಲ್ಲೊಂದು ಕಾನೂನಿನ ತೊಡಕಿದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಯಾವ ಅರ್ಜಿಯೂ ಇಲ್ಲದೆ ಉಳಿಸಿಕೊಳ್ಳಬಹುದಾದದ್ದು ಶೇ 15 ಮಾತ್ರ. ಆದರೆ ಈ ಲೆಕ್ಕ ಒಂದು ದತ್ತಿಗಲ್ಲ, ಇಡೀ ಸಂಸ್ಥೆಗೆ. ವರ್ಷಕ್ಕೆ 5 ಲಕ್ಷ ಆದಾಯವಿರುವ ಸಂಸ್ಥೆ 75,000 ಉಳಿಸಿಕೊಳ್ಳಬಹುದು. ದತ್ತಿಯ 15,000 ಅದರೊಳಗೇ ಬಂತು. ಒಂದೇ ದತ್ತಿಗೆಂದು ಹೊಸ ಟ್ರಸ್ಟ್ ಕಟ್ಟುವುದಕ್ಕಿಂತ ನಡೆಯುತ್ತಿರುವ ಸಂಸ್ಥೆಯಲ್ಲಿ ಇಡುವುದು ಮೇಲು ಎನ್ನಲು ಇದೂ ಒಂದು ಕಾರಣ.

ದಾನಿಯ ಪತ್ರ

ದಾನಿ ಲಿಖಿತವಾಗಿ 'ಇದು ಇಡುಗಂಟಿಗೆ' ಎಂದು ಹೇಳದಿದ್ದರೆ ಆ ಹಣ ಆ ವರ್ಷದ ಆದಾಯವಾಗುತ್ತದೆ, ಶೇ 85 ಖರ್ಚು ಮಾಡಲೇಬೇಕಾಗುತ್ತದೆ. ಆದ್ದರಿಂದ ಚೆಕ್ಕಿನ ಜೊತೆಗೇ ಪತ್ರ ತೆಗೆದುಕೊಳ್ಳಿ. ಒಕ್ಕಣೆ ಹೀಗಿದ್ದರೆ ಸಾಕು:

"ಈ 2,00,000 ರೂಪಾಯಿಯನ್ನು ಸಂಸ್ಥೆಯ ಇಡುಗಂಟಾಗಿ ಕಾರ್ಪಸ್ ಖಾತೆಯಲ್ಲಿ ಇಡತಕ್ಕದ್ದು. ಅಸಲನ್ನು ಖರ್ಚು ಮಾಡಕೂಡದು. ಬಡ್ಡಿಯ ನಾಲ್ಕನೇ ಒಂದು ಪಾಲನ್ನು ಅಸಲಿಗೆ ಸೇರಿಸಿ, ಉಳಿದದ್ದನ್ನು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿ ಪಿಯುಸಿಗೆ ಸೇರುವವರ ಶುಲ್ಕ, ಪುಸ್ತಕ, ಬಸ್ ಪಾಸಿಗೆ ಕೊಡತಕ್ಕದ್ದು. ಅರ್ಹರು ಸಿಗದ ವರ್ಷ ಇದೇ ಬಗೆಯ ಬೇರೆ ಶೈಕ್ಷಣಿಕ ನೆರವಿಗೆ ಬಳಸಲು ಸಮಿತಿಗೆ ಅಧಿಕಾರವಿದೆ."

ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಎಂದು ಬರೆದ ದತ್ತಿಗಳಿದ್ದವು. ಆ ಪರೀಕ್ಷೆಯೇ ನಿಂತ ಮೇಲೆ ಆ ದುಡ್ಡು ಯಾರಿಗೆ? ಪತ್ರದಲ್ಲಿ ಇಂತಿಷ್ಟು ರೂಪಾಯಿ ಎಂದು ನಮೂದಿಸುವುದೂ ಬೇಡ, ಬಡ್ಡಿ ದರ ಇಳಿದ ವರ್ಷ ಕೈಯಿಂದ ಹಾಕಬೇಕಾದೀತು. 'ನಮ್ಮ ಜನಾಂಗದ ಮಕ್ಕಳಿಗೆ ಮಾತ್ರ' ಎಂಬ ಷರತ್ತು ನಮ್ಮಲ್ಲಿ ಬಹಳ. ಸಂಸ್ಥೆಯ ತೆರಿಗೆ ವಿನಾಯಿತಿಗೆ ಅದು ಕುತ್ತು ತರಬಹುದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗೆಂದು ಮೀಸಲಿಟ್ಟರೆ ಆ ತಕರಾರು ಇಲ್ಲ.

ಹಣ ಎಲ್ಲಿಡುವುದು

ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವ (ಷೆಡ್ಯೂಲ್ಡ್) ಬ್ಯಾಂಕಿನ ಎಫ್‌ಡಿ ಸಾಕು. ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆಂದು ಪತ್ತಿನ ಸಹಕಾರ ಸಂಘಕ್ಕೆ ಹೋಗಬೇಡಿ. ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ, ಪತ್ತಿನ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ. ಎಫ್‌ಡಿ ಸಂಸ್ಥೆಯ ಹೆಸರಿನಲ್ಲೇ, ಸಂಸ್ಥೆಯ ಪ್ಯಾನ್ ಕೊಟ್ಟೇ ಇರಬೇಕು. ಪ್ಯಾನ್ ಇಲ್ಲದಿದ್ದರೆ ಬಡ್ಡಿಯಲ್ಲಿ ಶೇ 20 ಟಿಡಿಎಸ್ (ಬ್ಯಾಂಕೇ ಮೊದಲು ಮುರಿದುಕೊಳ್ಳುವ ತೆರಿಗೆ) ಹೋಗುತ್ತದೆ. ಕಾರ್ಯದರ್ಶಿಯ ಹೆಸರಿನಲ್ಲಿ ಎಫ್‌ಡಿ ಮಾಡಿಸಿ, ಅವರು ತೀರಿಕೊಂಡ ಮೇಲೆ ವಾರಸುದಾರರ ಮನೆಗೆ ಅಲೆಯುವ ಪಾಡು ಬೇಡ.

ಎಫ್‌ಡಿ ಮೇ ಮೊದಲ ವಾರ ಮುಗಿಯುವಂತೆ ನೋಡಿಕೊಳ್ಳಿ. ಕಾಲೇಜಿನ ಫೀಸು ಕಟ್ಟುವುದು ಮೇ, ಜೂನ್‌ನಲ್ಲಿ. ಸಮಿತಿ ಆಗಸ್ಟ್‌ನಲ್ಲಿ ಸಭೆ ಸೇರಿ ಸ್ವಾತಂತ್ರ್ಯ ದಿನದಂದು ವೇದಿಕೆಯಲ್ಲಿ ಚೆಕ್ ಕೊಡುವಷ್ಟರಲ್ಲಿ ಆ ಮನೆಯವರು ಬಡ್ಡಿಗೆ ಸಾಲ ತಂದು ಫೀಸು ಕಟ್ಟಿಯಾಗಿರುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ ಅಷ್ಟೇ.

ಕುಟುಂಬಕ್ಕೆ ಕೊಡುವಾಗ

ಅರ್ಜಿ ಒಂದೇ ಪುಟ ಇರಲಿ. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಕಾಲೇಜಿನ ಶುಲ್ಕದ ಚೀಟಿ, ಇಷ್ಟು ಸಾಕು. ಶುಲ್ಕವನ್ನು ನೇರ ಕಾಲೇಜಿನ ಖಾತೆಗೆ ಕಟ್ಟಿ, ಪುಸ್ತಕ ಮತ್ತು ಬಸ್ಸಿನ ಪಾಲನ್ನು ವಿದ್ಯಾರ್ಥಿಯ ಖಾತೆಗೆ ಹಾಕಿ. ಹತ್ತು ಮಂದಿಗೆ 5,000 ಕೊಡುವುದೋ ನಾಲ್ವರಿಗೆ 12,500 ಕೊಡುವುದೋ ಎಂಬ ಚರ್ಚೆ ಪ್ರತಿ ಸಮಿತಿಯಲ್ಲೂ ಬರುತ್ತದೆ. ಫೀಸಿನ ಅರ್ಧಕ್ಕೂ ಸಾಕಾಗದ ಮೊತ್ತ ಓದು ನಿಲ್ಲುವುದನ್ನು ತಡೆಯದು, ನಾಲ್ವರೇ ಸರಿ.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅದರ ಅರ್ಜಿಯ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅವರಿಂದ ಅರ್ಜಿ ಹಾಕಿಸಿ. ಎಷ್ಟೋ ಸಲ ಮಂಜೂರಾದ ಹಣ ಬಾರದಿರುವುದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗದ ಕಾರಣಕ್ಕೆ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಅದನ್ನು ಮಾಡಿಸಿಕೊಡುವುದೂ ದತ್ತಿಯಷ್ಟೇ ದೊಡ್ಡ ನೆರವು. ಆದರೆ ಟ್ರಸ್ಟಿಗಳ ಹತ್ತಿರದ ಬಂಧುಗಳಿಗೆ ಈ ನಿಧಿಯಿಂದ ಕೊಡುವಂತಿಲ್ಲ.

ಇನ್ನೊಂದು ಸಂಸ್ಥೆಗೆ ಕೊಡುವಾಗ

ನೋಂದಣಿ ಪತ್ರ, ಪ್ಯಾನ್, ಆದಾಯ ತೆರಿಗೆ ನೋಂದಣಿ ಆದೇಶ, ಮೂರು ವರ್ಷದ ಆಡಿಟ್ ವರದಿ ಕೇಳಿ ಪಡೆಯಿರಿ. ಒಂದು ಟ್ರಸ್ಟು ಇನ್ನೊಂದಕ್ಕೆ ಕೊಟ್ಟ ಹಣದಲ್ಲಿ ಶೇ 85 ಮಾತ್ರ ಕೊಟ್ಟವರ ಲೆಕ್ಕದಲ್ಲಿ ಖರ್ಚೆಂದು ಒಪ್ಪಿತವಾಗುತ್ತದೆ: 1,00,000 ಕೊಟ್ಟರೆ ಲೆಕ್ಕಕ್ಕೆ ಬರುವುದು 85,000. ಅನುದಾನವನ್ನು ಎರಡು ಕಂತಿನಲ್ಲಿ ಕೊಡಿ, ಮೊದಲು ಶೇ 60, ಹಣ ಬಳಕೆ ಪ್ರಮಾಣಪತ್ರ ಬಂದ ಮೇಲೆ ಶೇ 40. ಸಂಬಳಕ್ಕೆ ಒಂದು ಪೈಸೆಯೂ ಬಳಸಬಾರದು ಎಂಬ ಷರತ್ತು ಹಾಕುವವರಿದ್ದಾರೆ. ಸಂಜೆ ಪಾಠ ಮಾಡುವ ಟೀಚರಿಗೆ ಸಂಬಳವಿಲ್ಲದೆ ಬೆಂಚು, ಬೋರ್ಡು ಕೊಂಡರೆ ಬೀಗ ಹಾಕಿದ ಕೋಣೆಯಲ್ಲಿ ಅವು ಧೂಳು ತಿನ್ನುತ್ತವೆ.

ದಾನಿಗೆ ದಾನದ ಮೇಲಿನ ತೆರಿಗೆ ರಿಯಾಯಿತಿ (ಹಳೆಯ ಕಾಯ್ದೆಯ 80ಜಿ) ಬೇಕಿದ್ದರೆ 2,000ಕ್ಕಿಂತ ಹೆಚ್ಚಿನ ನಗದು ತೆಗೆದುಕೊಳ್ಳಬೇಡಿ, ಚೆಕ್ ಅಥವಾ ಯುಪಿಐ ಮೂಲಕ ಪಡೆಯಿರಿ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಳೆಯ ರಸೀದಿ ಪುಸ್ತಕ ಮರುಮುದ್ರಣ ಮಾಡಿಸುವ ಮೊದಲು ಒಂದು ಪ್ರತಿಯನ್ನು ಆಡಿಟರಿಗೆ ತೋರಿಸಿ.